ಗೀರು ಬೀಳದ ಹೆಲ್ಮೆಟ್

ನಮ್ಮ ಯಜಮಾನರ ಹೆಲ್ಮೆಟ್ಟಿನ ಮೇಲೆ ಇಂದಿಗೂ ಒಂದು ಗೀರಿಲ್ಲ. ಅಂಗಡಿಯಿಂದ ತಂದ ದಿನದ ಹೊಳಪು ಹಾಗೆಯೇ ಇದೆ. ಅದರೊಳಗೆ ಇರಬೇಕಾಗಿದ್ದ ತಲೆಯ ಬಗ್ಗೆ ಅಷ್ಟು ಧೈರ್ಯವಾಗಿ ಹೇಳಲಾರೆ. ಎಡಗಿವಿಯ ಮೇಲುಗಡೆ ಕೈಯಾಡಿಸಿದರೆ ಒಂದು ತಗ್ಗು ಸಿಗುತ್ತದೆ. ಕೂದಲು ಬೆಳೆದಿರುವುದರಿಂದ ನೋಡಿದವರಿಗೆ ತಿಳಿಯುವುದಿಲ್ಲ, ಎಣ್ಣೆ ಹಚ್ಚುವ ನನಗೆ ತಿಳಿಯುತ್ತದೆ.

ಅವರು ಹೈಸ್ಕೂಲು ಮಾಸ್ತರು. ದಾಸನಕೊಪ್ಪದ ಹತ್ತಿರದ ನಮ್ಮ ಹಳ್ಳಿಯಿಂದ ಶಿರಸಿಗೆ ನಿತ್ಯ ಬೈಕಿನಲ್ಲಿ ಹೋಗಿ ಕನ್ನಡ ಕಲಿಸಿ ಬರುತ್ತಿದ್ದರು. ಧ್ವನಿ ದೊಡ್ಡದು. ಮೈಕು ಕೈಕೊಟ್ಟರೂ ಕಾರ್ಯಕ್ರಮ ನಿಲ್ಲುವುದಿಲ್ಲ ಎಂಬ ಒಂದೇ ಕಾರಣಕ್ಕೆ ಅವರನ್ನು ಕರೆಯುವವರಿದ್ದರು. ಶಾಲೆಗಳಲ್ಲಿ ರಸ್ತೆ ಸುರಕ್ಷತೆಯ ಕ್ಲಬ್ ಕಟ್ಟಬೇಕೆಂದು ಮೇಲಿನಿಂದ ಆದೇಶ ಬಂದಾಗ, ಬೇರೆ ಯಾರಿಗೂ ಬೇಡವಾಗಿದ್ದ ಆ ಕೆಲಸ ಇವರ ಕೊರಳಿಗೆ ಬಿತ್ತು. ಇವರು ಅದನ್ನು ಹಾರ ಎಂದೇ ತಿಳಿದರು. ನೋಡನೋಡುತ್ತ ಶಿರಸಿ, ಸಿದ್ದಾಪುರ, ಯಲ್ಲಾಪುರ ಮೂರೂ ಕಡೆ ಹೆಲ್ಮೆಟ್ ವಿಷಯ ಮಾತಾಡುವುದಾದರೆ ನಮ್ಮ ಮಾಸ್ತರೇ ಬರಬೇಕು ಎಂಬಲ್ಲಿಗೆ ಬಂತು.

ಅವರ ಭಾಷಣ ನನಗೆ ಬಾಯಿಪಾಠ. ಬಚ್ಚಲಲ್ಲಿ ಬಿಸಿನೀರು ಸುರಿದುಕೊಳ್ಳುತ್ತ ಅಭ್ಯಾಸ ಮಾಡುತ್ತಿದ್ದರು. “ವೇದಿಕೆಯ ಮೇಲಿರುವ ಗಣ್ಯರೇ, ಮಾನ್ಯ ಅಧ್ಯಕ್ಷರೇ” ಎಂದು ಶುರು. ಆಮೇಲೆ ಮನುಷ್ಯನ ತಲೆ ಎಂಥ ಅಮೂಲ್ಯ ವಸ್ತು, ಅದರೊಳಗೆ ಎಷ್ಟು ವಿದ್ಯೆ, ಎಷ್ಟು ನೆನಪು, ಎಷ್ಟು ಮಾತು ತುಂಬಿದೆ, ತೆಂಗಿನಕಾಯಿಗೂ ದೇವರು ಗಟ್ಟಿ ಕರಟ ಕೊಟ್ಟಿದ್ದಾನೆ, ನಾವು ಮಾತ್ರ ಯಾಕೆ ಬರಿದಲೆಯಲ್ಲಿ ಹೋಗಬೇಕು, ಹೀಗೆ. ಒಗ್ಗರಣೆ ಹಾಕುತ್ತ ನಾನು ಕೇಳುತ್ತಿದ್ದೆ. ಸ್ನಾನ ಮುಗಿಸಿ ಬಂದು, ಇಸ್ತ್ರಿ ಅಂಗಿ ತೊಟ್ಟು, ಆ ಅಮೂಲ್ಯ ವಸ್ತುವನ್ನು ನುಣ್ಣಗೆ ಬಾಚಿಕೊಂಡು, ಬರಿದಲೆಯಲ್ಲಿ ಬೈಕ್ ಹತ್ತಿ ಹೊರಡುವುದನ್ನೂ ನೋಡುತ್ತಿದ್ದೆ.

ಹಾಗಾದರೆ ಹೆಲ್ಮೆಟ್ ಎಲ್ಲಿ? ಬನವಾಸಿ ರಸ್ತೆಯಿಂದ ಬರುವಾಗ ಶಿರಸಿ ಪೇಟೆ ಶುರುವಾಗುವಲ್ಲಿ ಒಂದು ಚಾದಂಗಡಿ ಇದೆ. ಅದರ ಹಿಂದಿನ ಗೋಡೆಗೆ ಸಾಲಾಗಿ ಮೊಳೆ ಹೊಡೆದಿದ್ದಾರೆ. ಒಂದು ಮೊಳೆಗೆ ಬಾಳೆಗೊನೆ, ಒಂದಕ್ಕೆ ಶಾಂಪೂ ಚೀಟಿಗಳ ಮಾಲೆ, ಉಳಿದವಕ್ಕೆಲ್ಲ ನಮ್ಮ ಕಡೆಯ ಹಳ್ಳಿಗಳ ಹೆಲ್ಮೆಟ್ಟುಗಳು. ಪೊಲೀಸರು ನಿಲ್ಲುವುದು ಪೇಟೆಯೊಳಗೆ. ಆದ್ದರಿಂದ ತಲೆ ಒಡೆಯುವುದೂ ಪೇಟೆಯೊಳಗೆ ಮಾತ್ರ ಎಂದು ನಮ್ಮವರು ತೀರ್ಮಾನಿಸಿದ್ದಾರೆ. ಊರಿನಿಂದ ತಲೆಗೆ ಗಾಳಿ ಕೊಟ್ಟುಕೊಂಡು ಬರುವುದು, ಅಲ್ಲಿ ನಿಲ್ಲಿಸುವುದು, ಚಾ ಕುಡಿದು ತಂತಮ್ಮ ಮೊಳೆಯಿಂದ ಹೆಲ್ಮೆಟ್ ಇಳಿಸಿ ಹಾಕಿಕೊಳ್ಳುವುದು. ಸಂಜೆ ಮರಳುವಾಗ ಅಲ್ಲೇ ಒಪ್ಪಿಸಿ ಮತ್ತೆ ಗಾಳಿ. ಹೂವಿನ ಬುಟ್ಟಿಯ ಹೆಂಗಸರೂ ದಾಟಿ ಮುಂದೆ ಹೋಗುವಷ್ಟು ನಿಧಾನಕ್ಕೆ ಬೈಕು ತೆವಳುವ ಪೇಟೆಯಲ್ಲಿ ಇವರೆಲ್ಲ ಯುದ್ಧಕ್ಕೆ ಹೊರಟವರಂತೆ ಇರುತ್ತಾರೆ. ಬೈಕು ಹಾರಿಕೊಂಡು ಹೋಗುವ ತಿರುವುಗಳಲ್ಲಿ ಮಾತ್ರ ದೇವಸ್ಥಾನಕ್ಕೆ ಹೊರಟವರಂತೆ.

ಅಂಗಡಿಯವರು ಇದಕ್ಕೆ ಏನೂ ತೆಗೆದುಕೊಳ್ಳುತ್ತಿರಲಿಲ್ಲ. ಯಾರ ಹೆಲ್ಮೆಟ್ ಯಾವ ಮೊಳೆಯದು ಎಂದು ಅವರಿಗೆ ಗೊತ್ತು. ನಮ್ಮ ಯಜಮಾನರದು ಬಾಳೆಗೊನೆಯ ಪಕ್ಕದ ಮೊಳೆ.

“ಮನ್ಯಾಗಿಂದನ ಹಾಕ್ಕೊಂಡ ಹೋದ್ರ ಏನಾಗ್ತದ್ರಿ?” ಎಂದು ನಾನು ಕೇಳದ ವಾರವಿಲ್ಲ.

“ನಿನಗ ತಿಳಿಯೂದಿಲ್ಲ. ದಾರ್ಯಾಗ ಮಂದಿ ಇರ್ತಾರ. ಮಾರಿ ಕಾಣಲಿಲ್ಲ ಅಂದ್ರ ಮಾತಾಡಸಲಾರದ ಹೋದ ಅಂತಾರ.”

ಇದು ಸುಳ್ಳಲ್ಲ. ನಮ್ಮ ರಸ್ತೆಯಲ್ಲಿ ಎದುರಿಗೆ ಸಿಕ್ಕವರನ್ನು ಮಾತಾಡಿಸದೆ ಹೋಗುವ ಪದ್ಧತಿ ಇಲ್ಲ. ನಿಲ್ಲದಿದ್ದರೂ ಗೋಣು ಹಾಕಬೇಕು, ಎಲ್ಲಿಗೆ ಎಂದು ಕೂಗಬೇಕು, ಉತ್ತರ ಗಾಳಿಯಲ್ಲಿ ಹಾರಿಹೋದರೂ ಹಲ್ಲು ಕಾಣಿಸಬೇಕು. ಒಮ್ಮೆ ನನ್ನ ಕಾಟ ತಾಳಲಾರದೆ ಅವರು ಹಿಂದಿನ ಸಂಜೆಯೇ ಹೆಲ್ಮೆಟ್ ಮನೆಗೆ ತಂದು, ಬೆಳಿಗ್ಗೆ ಮನೆಯಿಂದಲೇ ಹಾಕಿಕೊಂಡು ಹೋದರು. ಸಂಜೆಯೊಳಗೆ ಅವರ ದೊಡ್ಡಪ್ಪ ಮನೆಗೆ ಬಂದು ಕಟ್ಟೆಯ ಮೇಲೆ ಕುಳಿತರು.

“ಏನ್ ಬೇ ಸೊಸಿ, ನಿನ್ನ ಗಂಡಗ ಸೊಕ್ಕ ಬಂದೈತಿ? ಮಾರಿ ಮುಚ್ಕೊಂಡ ಹೋದ. ನಾ ಕೈ ಎತ್ತಿದ್ರೂ ತಿರುಗಿ ನೋಡ್ಲಿಲ್ಲ.”

ಮರುದಿನದಿಂದ ಹೆಲ್ಮೆಟ್ ಮತ್ತೆ ಬಾಳೆಗೊನೆಯ ಪಕ್ಕಕ್ಕೆ ಹೋಯಿತು. ತಲೆ ಹೋದರೆ ಹೋಗಲಿ, ಸೊಕ್ಕಿನವನು ಎನ್ನಿಸಿಕೊಳ್ಳಬಾರದಲ್ಲ. ಪಾಠ ಹೇಳಿದ ನನಗೇ ಅತ್ತೆಯವರು ಒಂದು ಪಾಠ ಹೇಳಿದರು.

“ಗಣಪ್ಪ ಕಾಯ್ತಾನ. ಆ ಗಡಿಗಿ ಯಾಕ ತಲಿ ಮ್ಯಾಲ?”

ಅತ್ತೆಯವರ ಗಣಪ್ಪ ಎಂದರೆ ಚಂದಗುಳಿಯ ಘಂಟೆ ಗಣಪ. ಬೈಕು ಹೊಸದಾಗಿ ಬಂದಾಗ ಅದಕ್ಕೊಂದು ಹರಕೆ ಹೊತ್ತು, ಆಮೇಲೆ ನಮ್ಮನ್ನು ಕರೆದುಕೊಂಡು ಹೋಗಿ ಅಲ್ಲಿ ಗಂಟೆ ಕಟ್ಟಿಸಿದ್ದರು. ನನಗೂ ಆ ದೇವರ ಮೇಲೆ ಭಕ್ತಿ ಇದೆ. ಆದರೆ ತಲೆ ಹೋದರೆ ಏನಾಗುತ್ತದೆ ಎಂಬುದು ಆ ದೇವರಿಗಿಂತ ಚೆನ್ನಾಗಿ ಇನ್ಯಾರಿಗೆ ಗೊತ್ತು? ಅವನಿಗೇನೋ ಕೂಡಲೇ ಬೇರೆ ತಲೆ ಸಿಕ್ಕಿತು. ಹೈಸ್ಕೂಲು ಮಾಸ್ತರಿಗೆ ಆ ಅನುಕೂಲ ಇದೆಯೇ ಎಂದು ಕೇಳಿದ್ದಕ್ಕೆ ಅತ್ತೆಯವರು ಎರಡು ದಿನ ನನ್ನೊಂದಿಗೆ ಮಾತು ಬಿಟ್ಟರು.

ಕಾರ್ಯಕ್ರಮಗಳಿಗೆ ನಾನೂ ಆಗಾಗ ಹೋಗಿದ್ದೇನೆ. ಯಲ್ಲಾಪುರದಲ್ಲಿ ಹೆಲ್ಮೆಟ್ ಇಲ್ಲದೆ ಬಂದವರಿಗೆ ಗುಲಾಬಿ ಕೊಟ್ಟು ನಾಚಿಸುವ ಕಾರ್ಯಕ್ರಮವಿತ್ತು. ಹೆದ್ದಾರಿಯಲ್ಲಿ ಲಾರಿಗಳು ಒಂದರ ಬಾಲ ಒಂದು ಹಿಡಿದು ಓಡುತ್ತಿದ್ದವು. ಅದರ ಬದಿಯಲ್ಲಿ ಶಾಲೆಯ ಹೆಣ್ಣುಮಕ್ಕಳು ಹೂವು ಹಿಡಿದು ನಿಂತಿದ್ದರು. ನಾಚಿದವರನ್ನು ನಾನಂತೂ ಕಾಣಲಿಲ್ಲ. ಒಬ್ಬ ಗುಲಾಬಿ ತೆಗೆದುಕೊಂಡು ಹಿಂದೆ ಕುಳಿತ ಹೆಂಡತಿಗೆ ಕೊಟ್ಟ, ಅವಳು ಅಲ್ಲೇ ಮುಡಿದುಕೊಂಡಳು. ಮದುವೆಯಾದ ಮೇಲೆ ಅವಳಿಗೆ ಸಿಕ್ಕ ಮೊದಲ ಗುಲಾಬಿ ಇರಬೇಕು, ಮುಖ ಅರಳಿಹೋಗಿತ್ತು. ಇನ್ನೊಬ್ಬ ಸ್ವಲ್ಪ ಹೊತ್ತಿಗೆ ಸುತ್ತಿಕೊಂಡು ಮತ್ತೆ ಬಂದ. ಮನೆಯಲ್ಲಿ ತಾಯಿಯೂ ಇದ್ದಾಳಂತೆ. ಹೆಲ್ಮೆಟ್ ಹಾಕಿಕೊಂಡು ಬಂದವನೊಬ್ಬ ತನಗೆ ಹೂವು ಇಲ್ಲವೇ ಎಂದು ಕೇಳಿ, ಇಲ್ಲ ಎನ್ನಿಸಿಕೊಂಡು ಬೇಸರದಲ್ಲಿ ಹೋದ.

ಸಿದ್ದಾಪುರದ್ದು ಇನ್ನೂ ಸೊಗಸು. ಅಲ್ಲಿಯ ಸಮಿತಿಯ ಕಾರ್ಯದರ್ಶಿ ದೊಡ್ಮನೆ ಊರಿನ ಕಡೆಯವರು, ಬಹಳ ಉತ್ಸಾಹಿ. ಹಗ್ಗ ಕಡಿದು ಚಪ್ಪರ ಬಿದ್ದರೂ “ಅಡ್ಡಿಲ್ಲೆ, ಅಡ್ಡಿಲ್ಲೆ” ಎನ್ನುವ ಸ್ವಭಾವ. ಯಮಧರ್ಮರಾಯನ ವೇಷದವನನ್ನು ತರಿಸಿ, ಹೆಲ್ಮೆಟ್ ಇಲ್ಲದವರ ಬೈಕಿಗೆ ಪಾಶ ಹಾಕಿಸಿದ್ದರು. ಜನ ಪಾಶ ಹಾಕಿಸಿಕೊಂಡು ಯಮನ ಜೊತೆ ಸೆಲ್ಫಿ ತೆಗೆದುಕೊಂಡರು. ಕಾರ್ಯಕ್ರಮ ಮುಗಿದ ಮೇಲೆ ನಾವು ಹೊರಡುವ ಹೊತ್ತಿಗೆ ಯಮ, ಚಿತ್ರಗುಪ್ತ, ಬಣ್ಣದ ಪೆಟ್ಟಿಗೆ ಹಿಡಿದ ಮೇಕಪ್ಪಿನವ, ಮೂವರೂ ಒಂದೇ ಬೈಕಿನಲ್ಲಿ ನಮ್ಮನ್ನು ದಾಟಿಕೊಂಡು ಹೋದರು. ಯಮ ಕಿರೀಟ ಬಿಚ್ಚಿರಲಿಲ್ಲ. ಕಿರೀಟದ ಮೇಲೆ ಹೆಲ್ಮೆಟ್ ಕೂಡುವುದಿಲ್ಲವಲ್ಲ, ಪಾಪ. ನಾನು ನಕ್ಕು ನಕ್ಕು ಇವರ ಬೆನ್ನಿಗೆ ಹಣೆ ಇಟ್ಟೆ. ಇವರು ನಗಲಿಲ್ಲ. ತಮ್ಮ ಭಾಷಣಕ್ಕಿಂತ ಯಮನಿಗೆ ಹೆಚ್ಚು ಚಪ್ಪಾಳೆ ಬಿತ್ತು ಎಂಬ ಕೊರಗಿನಲ್ಲಿದ್ದರು.

ದಾಸನಕೊಪ್ಪದಲ್ಲಿ ನಡೆದದ್ದು ರೈತರಿಗಾಗಿ. ನಮ್ಮ ಕಡೆ ಸುಗ್ಗಿ ಬಂತೆಂದರೆ ಡಾಂಬರು ರಸ್ತೆಯೇ ಕಣ. ಗೋವಿನಜೋಳವನ್ನು ಅರ್ಧ ರಸ್ತೆಗೆ ಹರವಿ, ಗಾಡಿಗಳು ಮೇಲೆ ಹೋಗದಂತೆ ಅಂಚಿಗೆ ಕಲ್ಲು ಸಾಲಿಡುತ್ತಾರೆ. ಜೋಳ ಒಣಗಿದ ಮೇಲೆ ಒಂದು ಕಾಳು ಬಿಡದೆ ಬಳಿದು ಚೀಲ ತುಂಬುತ್ತಾರೆ. ಕಲ್ಲು ಅಲ್ಲೇ ಇರುತ್ತವೆ. ಕಲ್ಲನ್ನು ಯಾರೂ ಕದಿಯುವುದಿಲ್ಲ ಎಂಬ ನಂಬಿಕೆ. ಇವರು ಅಂದು ಗಂಟಲು ಹರಿಯುವ ಹಾಗೆ ಮಾತಾಡಿದರು. “ರಸ್ತೆ ಕಣವಲ್ಲ, ಬಂಧುಗಳೇ! ನೀವು ಬಿಟ್ಟುಹೋದ ಒಂದು ಕಲ್ಲು ಒಂದು ಮನೆಯ ದೀಪ ಆರಿಸಬಹುದು!” ಎಂದರು. ಎಂಥ ಚಪ್ಪಾಳೆ! ಕುರ್ಚಿಗಳಿಂದ ಮಾರು ದೂರದಲ್ಲಿ ಜೋಳ ಒಣಗುತ್ತಿತ್ತು. ಅದು ಯಾರದೋ ಅವರೇ ಕೊನೆಗೆ ಎದ್ದು ನಿಂತು ವಂದನಾರ್ಪಣೆ ಮಾಡಿದರು. ಮಾಸ್ತರ ಮಾತು ತಮ್ಮ ಕಣ್ಣು ತೆರೆಸಿತು ಎಂದರು. ಆಮೇಲೆ ಹೋಗಿ ಕಾಲಿನಿಂದ ಜೋಳ ಕದಡಿ ಮಗುಚಿ ಹಾಕಿದರು.

ಆ ಸುಗ್ಗಿ ಮುಗಿಯುವ ಹೊತ್ತಿಗೇ ಸಿದ್ದಾಪುರದಲ್ಲಿ ಮತ್ತೊಂದು ಕಾರ್ಯಕ್ರಮ ಬಂತು. ಮುಖ್ಯ ಅತಿಥಿಗಳು ಈ ಸಲ ಸಮಯಕ್ಕೆ ಸರಿಯಾಗಿ ಬರುತ್ತಾರೆ ಎಂಬ ಸುದ್ದಿ ಹಬ್ಬಿತ್ತು. ಅಂಥ ಅಪರೂಪದ ಸಂದರ್ಭಕ್ಕೆ ತಡವಾಗಬಾರದೆಂದು ಇವರು ಬೆಳಿಗ್ಗೆ ಬೇಗ ಎದ್ದು ಬಚ್ಚಲಲ್ಲಿ ಒಮ್ಮೆ, ಕನ್ನಡಿಯ ಮುಂದೆ ಒಮ್ಮೆ ಭಾಷಣ ಒಪ್ಪಿಸಿದರು. ಉಪ್ಪಿಟ್ಟು ಅರ್ಧ ತಿಂದು ಹೊರಬಿದ್ದರು. ನಾನು ಬಾಗಿಲಲ್ಲಿ ನಿಂತು ಹೆಲ್ಮೆಟ್ ಎಂದೆ.

“ಅಂಗಡ್ಯಾಗ ಐತಲ್ಲ,” ಎಂದು ನಕ್ಕು ಹೋದರು. ಅವರು ಮಾತಿಗೆ ಮಾತು ಕೊಟ್ಟದ್ದು ಅದೇ ಕೊನೆ.

ಊರಿಗೂ ಚಾದಂಗಡಿಗೂ ನಡುವೆ ಒಂದು ತಿರುವಿದೆ. ಅಲ್ಲಿ ಜೋಳ ಬಳಿದುಕೊಂಡು ಹೋಗಿದ್ದರು, ಕಲ್ಲು ಇದ್ದವು. ಮುಂದಿನ ಗಾಲಿ ಕಲ್ಲಿಗೆ ಬಡಿದು ಬೈಕು ಎಗರಿ ಇವರನ್ನು ಡಾಂಬರಿಗೆ ಅಪ್ಪಳಿಸಿತು. ಹಿಂದೆ ಬರುತ್ತಿದ್ದ ಬಸ್ಸಿನವರು ನಿಲ್ಲಿಸಿ ಎತ್ತಿಕೊಂಡು ಶಿರಸಿಗೆ ತಂದರು, ಅಲ್ಲಿಂದ ಆಂಬುಲೆನ್ಸಿನಲ್ಲಿ ಹುಬ್ಬಳ್ಳಿಗೆ. ಬಸ್ಸು ಆ ಚಾದಂಗಡಿಯ ಮುಂದೆಯೇ ಹಾದುಹೋಗಿರಬೇಕು. ಹೆಲ್ಮೆಟ್ ಮೊಳೆಯ ಮೇಲೆ ಸುರಕ್ಷಿತವಾಗಿತ್ತು.

ಸಿದ್ದಾಪುರದ ಕಾರ್ಯಕ್ರಮ ನಿಲ್ಲಲಿಲ್ಲ. ಉಪನ್ಯಾಸಕರಿಗೆ ಅನಿವಾರ್ಯ ಕಾರಣಗಳಿಂದ ಬರಲಾಗಿಲ್ಲ ಎಂದು ಮೈಕಿನಲ್ಲಿ ಹೇಳಿದರಂತೆ. ಮುಖ್ಯ ಅತಿಥಿಗಳು ಎಂದಿನಂತೆ ತಡವಾಗಿಯೇ ಬಂದರಂತೆ.

ತಲೆಬುರುಡೆಯ ಒಂದು ತುಂಡನ್ನು ತೆಗೆದು, ಮೆದುಳಿನ ಬಾವು ಇಳಿದ ಮೇಲೆ ಮತ್ತೆ ಕೂರಿಸಿದರು. ಉಳಿಯುತ್ತಾರೋ ಇಲ್ಲವೋ ಎಂದು ಗೊತ್ತಿಲ್ಲದ ಆ ದಿನಗಳನ್ನು ನಾನು ಬರೆಯಲಾರೆ. ಆಸ್ಪತ್ರೆಯ ಮೆಟ್ಟಿಲಿನ ಮೇಲೆ ಕುಳಿತು ಅವರನ್ನು ಮನಸಾರೆ ಬೈದೆ. ಬೈಯಲು ಮನುಷ್ಯ ಇರಲಿ ಎಂದು ಬೇಡಿಕೊಳ್ಳುತ್ತಲೂ ಬೈದೆ.

ಉಳಿದರು. ಕಣ್ಣು ಬಿಟ್ಟರು, ಕೈಕಾಲು ಆಡಿಸಿದರು, ನನ್ನನ್ನು ನೋಡಿ ಅತ್ತರು. ಮಾತು ಮಾತ್ರ ಬರಲಿಲ್ಲ. ಪೆಟ್ಟು ಬಿದ್ದ ಜಾಗದಲ್ಲೇ ಮಾತು ಇರುತ್ತದೆ, ಎಷ್ಟು ಹೋಗಿದೆ ಎಷ್ಟು ಉಳಿದಿದೆ ಎಂದು ಈಗಲೇ ಹೇಳಲಾಗದು ಎಂದರು ಡಾಕ್ಟರು. ಒಂದು ಬೆಳಿಗ್ಗೆ ಬಾಯಿ ಒಣಗಿ ಲೋಟದ ಕಡೆ ಕೈ ತೋರಿಸಿದರು. ತುಟಿ ಅಲುಗಾಡಿತು. ನಾನು ಬಗ್ಗಿ ಕಿವಿ ಇಟ್ಟೆ.

“ಗಣ್ಯರೇ,” ಎಂದರು.

ನೀರಿಗೆ ಗಣ್ಯರೇ. ಹಸಿವಿಗೆ ಗಣ್ಯರೇ. ಕಿಟಕಿ ಮುಚ್ಚು ಎನ್ನುವುದಕ್ಕೂ ಗಣ್ಯರೇ. ನನಗೆ ಮಾತ್ರ ಬೇರೆ ಹೆಸರು ಕೊಟ್ಟರು, ಅಧ್ಯಕ್ಷರೇ. ಬಚ್ಚಲಲ್ಲಿ ಸಾವಿರ ಸಲ ಹೇಳಿದ್ದು ಒಂದು ಕಡೆ ಅಂಟಿಕೊಂಡು ಉಳಿದಿತ್ತು, ಮಿಕ್ಕ ಕನ್ನಡವೆಲ್ಲ ಹೊರಟುಹೋಗಿತ್ತು. ನನ್ನ ಹೆಸರು ಬಾಯಿಗೆ ಬರುತ್ತಿರಲಿಲ್ಲ. ಮಗಳನ್ನು ಕಂಡರೆ ಮುಖ ತುಂಬ ಪ್ರೀತಿ, ಬಾಯಲ್ಲಿ ಗಣ್ಯರೇ. ಇಷ್ಟು ವರ್ಷ ಸಂಸಾರ ಮಾಡಿದ್ದಕ್ಕೆ ಕೊನೆಗೂ ನನಗೆ ಅಧ್ಯಕ್ಷ ಸ್ಥಾನ ಸಿಕ್ಕಿತು ಎಂದು ನರ್ಸುಗಳ ಮುಂದೆ ನಗೆಯಾಡಿದೆ. ಆಮೇಲೆ ಹೊರಗೆ ಹೋಗಿ ಗೋಡೆಗೆ ತಲೆಯಿಟ್ಟು ಅತ್ತೆ.

ಮನೆಗೆ ಬಂದ ಮೇಲೆ ಚಾದಂಗಡಿಯವರು ನೋಡಲು ಬಂದರು. ಪೇಪರಿನಲ್ಲಿ ಸುತ್ತಿದ ಗಂಟೊಂದನ್ನು ಮಂಚದ ತುದಿಯಲ್ಲಿಟ್ಟರು.

“ನಿಮ್ಮ ಸಾಮಾನ ಉಳದಿತ್ರಿ ನನ್ನ ಕಡೆ,” ಎಂದರು. ಮುಖ ನೋಡಲಿಲ್ಲ.

ಅತ್ತೆಯವರು ಮಗನನ್ನು ಉಳಿಸಿದ ಗಣಪ್ಪನಿಗೆ ಮೊದಲಿನದಕ್ಕಿಂತ ದೊಡ್ಡ ಗಂಟೆ ಕಟ್ಟಿಸಿದರು. ನಾನು ಸ್ಕೂಟರ್ ಕಲಿತೆ. ಇನ್ನು ಮುಂದೆ ಅವರು ಎಲ್ಲಿಗೆ ಹೋದರೂ ನನ್ನ ಹಿಂದೆ, ಹೆಲ್ಮೆಟ್ ಹಾಕಿಕೊಂಡು, ನಮ್ಮ ಮನೆಯ ಬಾಗಿಲಿನಿಂದಲೇ ಎಂದು ಎಲ್ಲರಿಗೂ ಕೇಳುವ ಹಾಗೆ ಹೇಳಿದೆ. ಡಾಕ್ಟರು ಒಪ್ಪಿದ ಮೇಲೆ ಹಾಗೇ ಕರೆದುಕೊಂಡು ಹೋಗತೊಡಗಿದೆ. ದೊಡ್ಡಪ್ಪನವರು ಈ ಸಲ ಸೊಕ್ಕಿನ ಮಾತೆತ್ತಲಿಲ್ಲ.

ಹೀಗಿರುವಾಗ ಒಂದು ದಿನ ಸಿದ್ದಾಪುರದ ಆ ಕಾರ್ಯದರ್ಶಿ ಹಣ್ಣು ಹಿಡಿದುಕೊಂಡು ಮನೆಗೆ ಬಂದರು. ಮೂರು ತಾಲೂಕಿನವರೂ ಸೇರಿ ಶಿರಸಿಯಲ್ಲಿ ದೊಡ್ಡ ಸಮಾರಂಭ ಇಟ್ಟುಕೊಂಡಿದ್ದರಂತೆ.

“ಅಕ್ಕಾ, ಮಾಸ್ತರ್ರಿಗೆ ಒಂದು ಸನ್ಮಾನ ಮಾಡ್ವ ಅಂತ. ಮಾತಾಡುದು ಎಂತದೂ ಬೇಡ, ಸುಮ್ನೆ ವೇದಿಕೆ ಮೇಲೆ ಕೂತ್ರೆ ಸಾಕು. ಜನಕ್ಕೆ ಒಂದು ಜೀವಂತ ಉದಾಹರಣೆ ಆಗ್ತದೆ.”

“ಹೌದ್ರಿ, ಜೀವಂತ ಅದಾರಲ್ಲ. ಸತ್ತಿದ್ರ ಫೋಟೋ ಇಡ್ತಿದ್ರಿ,” ಎಂದೆ.

ಅವರು ಅಡ್ಡಿಲ್ಲೆ ಎನ್ನಲೂ ಆಗದೆ ತಲೆ ತಗ್ಗಿಸಿದರು. ಆಗುವುದಿಲ್ಲ ಎಂದು ನಾನು ಹೇಳುವವಳೇ ಇದ್ದೆ. ಆದರೆ ವೇದಿಕೆ ಎಂಬ ಮಾತು ಕಿವಿಗೆ ಬಿದ್ದದ್ದೇ ಮಂಚದ ಮೇಲಿದ್ದ ಇವರು ಎದ್ದು ಕುಳಿತಿದ್ದರು. ಕಪಾಟಿನ ಕಡೆ ಕೈ ತೋರಿಸಿ ಇಸ್ತ್ರಿ ಅಂಗಿ ಕೇಳಿದರು. ಇಷ್ಟು ದಿನಗಳಲ್ಲಿ ಅವರ ಮುಖ ಹಾಗೆ ಬೆಳಗಿದ್ದನ್ನು ನಾನು ನೋಡಿರಲಿಲ್ಲ. ಒಪ್ಪಿಕೊಂಡೆ.

ಸಮಾರಂಭದ ದಿನ ಮಧ್ಯಾಹ್ನ ಸ್ಕೂಟರಿನಲ್ಲಿ ಹೋದೆವು. ಸಭಾಂಗಣದ ಬಾಗಿಲಲ್ಲಿ ಹೆಲ್ಮೆಟ್ ತೆಗೆಸಿ ನಾನು ಹಿಡಿದುಕೊಂಡೆ. ಮೇಲೆ ಕೂರಿಸಿದರು. ಮಾತಿನಿಂದ ಜೀವ ಉಳಿಸುತ್ತಿದ್ದವರು ಹೆಲ್ಮೆಟ್ ಇಲ್ಲದೆ ಮಾತನ್ನೇ ಕಳೆದುಕೊಂಡರು ಎಂದು ನಿರೂಪಕಿ ಇಂಪಾಗಿ ಹೇಳಿದಳು. ಸಭೆ ಲೊಚಗುಟ್ಟಿತು. ಶಾಲು ಹೊದಿಸಿದರು, ಹಾರ ಹಾಕಿದರು, ಜರಿಯ ಪೇಟ ತಂದು ತಲೆಗಿಟ್ಟರು. ಪೇಟ ದೊಡ್ಡದಾಗಿ ಎಡಗಡೆಯ ತಗ್ಗಿನ ಮೇಲೆ ಜಾರಿ ಕುಳಿತಿತು. ರಸ್ತೆ ಸುರಕ್ಷತೆಗಾಗಿ ಅವರ ತಲೆಯ ಮೇಲೆ ಯಾರಾದರೂ ಏನಾದರೂ ಇಟ್ಟರೆಂದರೆ ಅದು ಆ ಪೇಟ.

ಎಲ್ಲರೂ ಕುಳಿತ ಮೇಲೆ ಇವರು ತಾವಾಗಿಯೇ ಎದ್ದು ಮೈಕಿನ ಮುಂದೆ ಹೋಗಿ ನಿಂತರು.

“ವೇದಿಕೆಯ ಮೇಲಿರುವ ಗಣ್ಯರೇ, ಮಾನ್ಯ ಅಧ್ಯಕ್ಷರೇ!”

ಅದೇ ಹಳೆಯ ಧ್ವನಿ. ಮಾತು ವಾಪಸು ಬಂತೇ ಎಂದು ನಾನು ಕುರ್ಚಿಯಿಂದ ಅರ್ಧ ಎದ್ದೆ. ಅವರು ಉಸಿರೆಳೆದುಕೊಂಡು ಮುಂದಿನದನ್ನು ಹುಡುಕಿದರು. ಮತ್ತೆ “ವೇದಿಕೆಯ ಮೇಲಿರುವ ಗಣ್ಯರೇ” ಎಂದರು. ಮತ್ತೆ ಅದೇ. ಹಿಂದಿನ ಸಾಲಿನ ಮಕ್ಕಳು ಕಿಸಕ್ಕನೆ ನಕ್ಕರು. ಕಾರ್ಯದರ್ಶಿಯವರು ಮೆಲ್ಲಗೆ ಬಂದು ಹೆಗಲು ಹಿಡಿದು, ಮೈಕಿನಲ್ಲಿ “ಸಮಯದ ಅಭಾವದಿಂದ” ಎಂದರು. ಚಪ್ಪಾಳೆ ಬಿತ್ತು. ನನಗೆ ಆ ಸಭಾಂಗಣಕ್ಕೆ ಬೆಂಕಿ ಹಚ್ಚಬೇಕೆನ್ನಿಸಿತು. ಇವರು ಮಾತ್ರ ಸಂತೋಷವಾಗಿದ್ದರು, ಯಮನಿಗಿಂತ ಹೆಚ್ಚು ಚಪ್ಪಾಳೆ ಸಿಕ್ಕಿತ್ತು.

ಸಂಜೆ ಹೊರಟೆವು. ಹೆಲ್ಮೆಟ್ ಹಾಕಿಸಿ ಹಿಂದೆ ಕೂರಿಸಿಕೊಂಡೆ, ಪೇಟ ಅವರ ತೊಡೆಯ ಮೇಲಿತ್ತು. ಪೇಟೆ ದಾಟಿ ಚಾದಂಗಡಿ ಬರುತ್ತಲೇ ಹೆಗಲು ತಟ್ಟಿದರು. ಚಾ ಬೇಕಿರಬೇಕು ಎಂದು ನಿಲ್ಲಿಸಿದೆ. ನಾನು ಸ್ಟ್ಯಾಂಡ್ ಹಾಕುವುದರೊಳಗೆ ಇಳಿದು, ಪೇಟವನ್ನು ಸೀಟಿನ ಮೇಲಿಟ್ಟು, ಗದ್ದದ ಕೆಳಗಿನ ಪಟ್ಟಿ ಬಿಚ್ಚಿ, ಹೆಲ್ಮೆಟ್ ಕೈಯಲ್ಲಿ ಹಿಡಿದು ನೇರ ಹಿಂದಿನ ಗೋಡೆಗೆ ನಡೆದರು. ಬಾಳೆಗೊನೆಯ ಪಕ್ಕದ ಮೊಳೆಯ ಮೇಲೆ ಬೇರೆ ಯಾರದೋ ಹೆಲ್ಮೆಟ್ ಇತ್ತು. ಗಲಿಬಿಲಿಯಾಗಿ ತಿರುಗಿ, ಹೆಲ್ಮೆಟ್ಟನ್ನು ಅಂಗಡಿಯವರ ಕಡೆ ಚಾಚಿದರು. ಅವರು ರೂಢಿಯಂತೆ ಕೈ ನೀಡಿದವರು ಥಟ್ಟನೆ ಹಿಂದಕ್ಕೆ ಎಳೆದುಕೊಂಡು ಟವೆಲಿಗೆ ಒರೆಸಿಕೊಂಡರು.

“ಬ್ಯಾಡ್ರಿ ಮಾಸ್ತರ್ರ. ಹಾಕ್ಕೊಂಡ ಹೋಗ್ರಿ.”

“ಅಧ್ಯಕ್ಷರೇ!” ಎಂದು ಇವರು ನನ್ನ ಮೇಲೆ ಸಿಡುಕಿದರು. ಅಂಗಡಿಯವನಿಗೆ ಇದೂ ತಿಳಿಯುವುದಿಲ್ಲವೇ ಎಂಬ ಸಿಡುಕು.

ನನ್ನ ಹೆಸರು ನೆನಪಿಲ್ಲ, ಮಗಳ ಹೆಸರು ನೆನಪಿಲ್ಲ, ನೀರಿಗೆ ನೀರು ಎನ್ನುವುದು ನೆನಪಿಲ್ಲ. ಇಲ್ಲಿ ನಿಲ್ಲಬೇಕು, ಇದನ್ನು ಇಲ್ಲಿ ಒಪ್ಪಿಸಬೇಕು, ಇಲ್ಲಿಂದ ಮುಂದೆ ಬರಿದಲೆಯಲ್ಲಿ ಹೋಗಬೇಕು ಎಂಬುದು ಒಂದಿಷ್ಟೂ ಮರೆತಿರಲಿಲ್ಲ. ಆ ಕಲ್ಲು ಅವರ ತಲೆಯಿಂದ ಯಾವುದನ್ನು ಹೊರಗೆ ಹಾಕಬೇಕಿತ್ತೋ ಅದೊಂದನ್ನು ಬಿಟ್ಟು ಉಳಿದದ್ದನ್ನೆಲ್ಲ ಹಾಕಿತ್ತು. ನನಗೆ ಸಿಟ್ಟು, ಅಳು, ನಗು ಯಾವುದು ಮೊದಲು ಬಂತೋ ತಿಳಿಯಲಿಲ್ಲ. ಹೆಲ್ಮೆಟ್ ಕಿತ್ತುಕೊಂಡು ಅವರ ತಲೆಗೆ ಹಾಕಿ, ಗದ್ದದ ಪಟ್ಟಿಯನ್ನು ಎಂದಿಗಿಂತ ಬಿಗಿಯಾಗಿ ಎಳೆದು ಕಟ್ಟಿದೆ. ಕೈ ಹಿಡಿದು ಕರೆತಂದು ಸ್ಕೂಟರ್ ಹತ್ತಿಸಿದೆ.

ಶಾಲೆ, ಕಚೇರಿ ಬಿಟ್ಟ ಹೊತ್ತು. ನಮ್ಮ ಊರಿನವರು ಒಬ್ಬೊಬ್ಬರಾಗಿ ಅಂಗಡಿಯಲ್ಲಿ ಹೆಲ್ಮೆಟ್ ಒಪ್ಪಿಸಿ, ಕೂದಲು ಹಾರಿಸಿಕೊಳ್ಳುತ್ತ ನಮ್ಮನ್ನು ದಾಟಿ ಹೋಗುತ್ತಿದ್ದರು. ಇವರು ಎಲ್ಲರನ್ನೂ ಗುರುತಿಸಿದರು. ಪ್ರತಿಯೊಬ್ಬರಿಗೂ ಕೈ ಎತ್ತಿ “ಗಣ್ಯರೇ, ಗಣ್ಯರೇ” ಎಂದು ಕೂಗಿದರು. ಒಬ್ಬರೂ ತಿರುಗಿ ನೋಡಲಿಲ್ಲ. ಹೆಲ್ಮೆಟ್ ಒಳಗಿನ ಮುಖ ಯಾರದೆಂದು ಅವರಿಗೆ ತಿಳಿಯಲಿಲ್ಲ.